ಬೀಳ್ಕೊಟ್ಟ ಮೇಲೂ ಮೂರು ತಿಂಗಳು

ಆಸ್ಪತ್ರೆಯ ಲಾಂಡ್ರಿಯಲ್ಲಿ ಎಲ್ಲರ ಪಾಲಿಗೂ ಅವಳು ಇಸ್ತ್ರಿ ಅಕ್ಕ. ಆಪರೇಷನ್ ಥಿಯೇಟರಿನ ಹಸಿರು ಬಟ್ಟೆ, ವಾರ್ಡುಗಳ ಹೊದಿಕೆ, ಎಲ್ಲವೂ ಅವಳ ಕೈಯಿಂದ ಬಿಸಿಬಿಸಿಯಾಗಿ ಮಡಿಕೆ ಬಿದ್ದು ಮೇಲಿನ ಮಹಡಿಗಳಿಗೆ ಹೋಗುತ್ತಿದ್ದವು. ಗಂಡನಿಗೆ ದೂರದ ಊರಿಗೆ ವರ್ಗವಾಯಿತು. ಅಲ್ಲಿನ ಆಸ್ಪತ್ರೆಯಲ್ಲಿ ಅವಳಿಗೂ ಕೆಲಸ ಸಿಕ್ಕಿತು. ಇನ್ನೇನು ಬೇಕು? ರಾಜೀನಾಮೆ ಬರೆದುಕೊಟ್ಟಳು.

ಪಾಳಿ ಕೆಲಸದವರು ಒಟ್ಟಿಗೆ ಸಿಗುವುದೇ ಅಪರೂಪ. ಹಾಗಾಗಿ ಆ ಲಾಂಡ್ರಿಯಲ್ಲಿ ಯಾರೇ ರಾಜೀನಾಮೆ ಕೊಡಲಿ, ಎಲ್ಲರೂ ಸೇರುವ ಮೊದಲ ದಿನವೇ ಬೀಳ್ಕೊಡುಗೆ ಮುಗಿಸಿಬಿಡುವುದು ರೂಢಿ. ಅವಳಿಗೂ ಕೇಕು ಕತ್ತರಿಸಿದರು, ಭಾಷಣ ಬಿಗಿದರು. ಬಾಯ್ಲರ್ ನೋಡಿಕೊಳ್ಳುವವನಂತೂ ಗಳಗಳನೆ ಅತ್ತ. ಒಂದು ವಾರದಲ್ಲಿ ಆಸ್ಪತ್ರೆಯವರು ಅವಳನ್ನು ಬಿಟ್ಟುಬಿಡುತ್ತಾರೆಂದು ಎಲ್ಲರೂ ನಂಬಿದ್ದರು, ಅವಳೂ ನಂಬಿದ್ದಳು. ಶಾಲೆ ಶುರುವಾಗುತ್ತದಲ್ಲ ಎಂದು ಪುಟ್ಟ ಮಗಳನ್ನು ಗಂಡನ ಜೊತೆ ಮೊದಲೇ ಕಳಿಸಿದಳು. "ಮುಂದಿನ ವಾರ ಬಂದೇಬಿಡ್ತೀನಿ ಚಿನ್ನ," ಎಂದಳು.

ಮಾರನೇ ದಿನ ಮ್ಯಾನೇಜರು ಕೈಚೆಲ್ಲಿಬಿಟ್ಟರು. "ನೋಟಿಸ್ ಮೂರು ತಿಂಗಳು ಕಣಮ್ಮಾ. ನಿನ್ನ ಜಾಗಕ್ಕೆ ಜನ ಬೇಡ್ವಾ? ನಾನೇನ್ ಮಾಡ್ಲಿ?" ಎಂದರು. ಬಿಟ್ಟು ಹೋಗೋಣವೆಂದರೆ, ಇಲ್ಲಿಂದ ಬಿಡುಗಡೆ ಪತ್ರ ತರದೆ ಹೊಸ ಆಸ್ಪತ್ರೆಯವರು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಹಾಗೆ, ಬೀಳ್ಕೊಡಿಸಿಕೊಂಡವಳು ಮತ್ತೆ ದಿನಾ ಕೆಲಸಕ್ಕೆ ಬರತೊಡಗಿದಳು. "ಏನಕ್ಕಾ, ಇನ್ನೂ ಇಲ್ಲೇ ಇದ್ದೀಯಾ? ನನ್ನ ಕಣ್ಣೀರು ವಾಪಸ್ ಕೊಡು!" ಎಂದು ಬಾಯ್ಲರಿನವನು ರೇಗಿಸಿದ. ಅವಳೂ ನಕ್ಕಳು. ಆದರೆ ಆ ನಗು ಎಷ್ಟು ದಿನ ಬಂದೀತು?

ಮೊದಮೊದಲು ಫೋನಿನಲ್ಲಿ ಮಗಳು ರಂಪ ಮಾಡುತ್ತಿದ್ದಳು. "ಯಾವಾಗ ಬರ್ತೀಯಮ್ಮಾ?" ಎಂದು ಪ್ರಾಣ ತಿನ್ನುತ್ತಿದ್ದಳು. ಬರಬರುತ್ತಾ ಕೇಳುವುದನ್ನೇ ಬಿಟ್ಟಳು. ಮನೆ ನೋಡಿಕೊಳ್ಳಲೆಂದು ನಾದಿನಿ ಅಲ್ಲಿಗೆ ಬಂದಿದ್ದಳು. ಒಂದು ಸಂಜೆ ಮಗಳು, "ಅತ್ತೆ ಜೊತೆ ಆಡ್ತಿದೀನಿ, ಆಮೇಲೆ ಮಾಡು," ಎಂದು ಫೋನಿಟ್ಟಳು. ಅಷ್ಟು ದಿನದ ಅಳುವಿಗಿಂತ ಈ ಒಂದು ಮಾತೇ ಅವಳ ಕರುಳನ್ನು ಹೆಚ್ಚು ಹಿಂಡಿತು. ಮಗು ತನ್ನನ್ನು ಬಿಟ್ಟಿರುವುದನ್ನು ಕಲಿತೇಬಿಟ್ಟರೆ? ಹೊದಿಕೆ ಮಡಿಸುತ್ತಲೇ ಅತ್ತಳು. ಬಾಯ್ಲರಿನವನು ಈ ಸಲ ತಮಾಷೆ ಮಾಡಲಿಲ್ಲ. "ಮಕ್ಳು ಮುನಿಸ್ಕೋತಾವೆ ಅಕ್ಕ, ಮರೆಯಲ್ಲ," ಎಂದು ಉಳಿದ ರಾಶಿಯನ್ನು ತಾನೇ ಎತ್ತಿಟ್ಟ.

ಅಂತೂ ಇಂತೂ ನೋಟಿಸ್ ಮುಗಿಯಿತು. ಬ್ಯಾಗು ಹೊತ್ತು ಆ ಊರಿನ ಮನೆಗೆ ಬಂದಾಗ ಮಗಳು ಬಾಗಿಲ ಮರೆಯಲ್ಲಿ ನಿಂತಿದ್ದಳು. ಓಡಿಬರಲಿಲ್ಲ.

"ಎಷ್ಟು ದಿನ ಇರ್ತೀಯ?" ಎಂದು ನೆಂಟರನ್ನು ಕೇಳುವ ಹಾಗೆ ಕೇಳಿದಳು.

ಅವಳು ಬ್ಯಾಗು ಕೆಳಗಿಳಿಸಿದಳು. ಅಲ್ಲೇ ನೆಲಕ್ಕೆ ಕುಕ್ಕರಿಸಿದಳು. "ಇನ್ನು ಹೋಗಲ್ಲ ಕಂದಾ. ಕೆಲಸ ಬಿಡ್ಬೇಕಾದ್ರೆ ಮೂರು ತಿಂಗಳು ಮುಂಚೆನೇ ಹೇಳ್ಬೇಕಂತೆ. ಅದಕ್ಕೇ ತಡ ಆಯ್ತು."

ಮಗಳು ಬಾಗಿಲ ಮರೆಯಿಂದಲೇ ಹೇಳಿದಳು: "ಹಂಗಾದ್ರೆ ಮತ್ತೆ ಹೋಗೋವಾಗ ನಂಗೂ ಅಷ್ಟು ಮುಂಚೆ ಹೇಳು."

"ಹೋಗೋದೇ ಇಲ್ವಲ್ಲೇ."

"ಆದ್ರೂ ಹೇಳು."

"ಆಯ್ತಮ್ಮಾ, ಹೇಳ್ತೀನಿ," ಎಂದ ಮೇಲೆಯೇ ಆ ಹುಡುಗಿ ಬಾಗಿಲು ಬಿಟ್ಟು ಈಚೆ ಬಂದದ್ದು.