ಸ್ಕ್ಯಾನಿಂಗ್ ಯಂತ್ರದೊಳಗೆ ಕೇಳಿದ ಬ್ಯಾಂಡು

ತಲೆಸುತ್ತಿಗೆ ಕಾರಣ ಹುಡುಕಲು ರಾಜಾಜಿನಗರದ ಸ್ಕ್ಯಾನಿಂಗ್ ಸೆಂಟರಿನಲ್ಲಿ ನನ್ನನ್ನು ಎಂಆರ್‌ಐ ಯಂತ್ರದ ಹಲಗೆಯ ಮೇಲೆ ಮಲಗಿಸಿದರು. ಒಳಗೆ ಸದ್ದು ಜಾಸ್ತಿ ಎಂದು ಟೆಕ್ನಿಷಿಯನ್ ಹುಡುಗಿ ಕಿವಿಗೆ ಹೆಡ್‌ಫೋನ್ ಹಾಕುತ್ತಾ, "ಸಾರ್, ಕನ್ನಡ ಹಾಡಾ, ಇಂಗ್ಲಿಷಾ?" ಎಂದಳು. ಆ ಭಯದಲ್ಲೂ ನನ್ನ ಜಂಬ ಹೋಗಲಿಲ್ಲ. "ಇಂಗ್ಲಿಷ್ ರಾಕ್ ಹಾಕಮ್ಮಾ" ಎಂದೆ.

ಹಲಗೆ ಒಳಕ್ಕೆ ಸರಿಯಿತು. ಮೂಗಿನಿಂದ ಗೇಣು ದೂರದಲ್ಲಿ ಯಂತ್ರದ ಗೋಡೆ. ಕಿವಿಯಲ್ಲಿ ಶುರುವಾದದ್ದು, ಹರೆಯದಲ್ಲಿ ವಿಜಯನಗರದ ಕ್ಯಾಸೆಟ್ ಅಂಗಡಿಯಲ್ಲಿ ನಾವು ಗೆಳೆಯರು ಸೇರಿ ಸಪ್ಪೆ ಎಂದು ಗೇಲಿ ಮಾಡುತ್ತಿದ್ದ ರಾಕ್ ಬ್ಯಾಂಡು. ಅದರ ಹಿಟ್ ಹಾಡುಗಳೆಲ್ಲ ಸಾಲಾಗಿ. ಒಂದನ್ನೂ ಪೂರ್ತಿ ಕೇಳಿದವನಲ್ಲ ನಾನು. ಈಗ ಎದ್ದುಹೋಗುವಂತಿಲ್ಲ. ಯಂತ್ರ ಡಬಡಬ ಬಡಿಯುತ್ತಿತ್ತು, ನನ್ನ ಎದೆ ಅದಕ್ಕಿಂತ ಜೋರಾಗಿ. ತಲೆಯೊಳಗೆ ಏನು ಕಾಣಿಸುತ್ತದೋ ಎಂಬುದೊಂದೇ ಯೋಚನೆ. ಹಿಡಿದುಕೊಳ್ಳಲು ಅಲ್ಲಿ ಇದ್ದದ್ದು ಆ ಸಾಧಾರಣ ರಾಗವೊಂದೇ. ಹಿಡಿದುಕೊಂಡೆ.

ಯಂತ್ರ ತಟ್ಟನೆ ನಿಂತಿತು. ಹೆಡ್‌ಫೋನಿನಲ್ಲಿ ಹುಡುಗಿಯ ದನಿ: "ಸಾರ್, ಕಾಲಲ್ಲಿ ತಾಳ ಹಾಕ್ತಾ ಇದೀರ. ತಲೇನೂ ಅಲ್ಲಾಡ್ತಿದೆ, ಚಿತ್ರ ಸರಿಯಾಗಿ ಬರ್ತಿಲ್ಲ. ಮೊದ್ಲಿಂದ ತೆಗೀಬೇಕು. ಹಾಡು ನಿಲ್ಲಿಸ್ಲಾ?"

"ಬೇಡಮ್ಮಾ!" ಕೂಗಿಯೇಬಿಟ್ಟೆ. "ಅದನ್ನೂ ಮೊದ್ಲಿಂದ ಹಾಕು."