ಅಕ್ಕನ ಸೀರೆ ಮತ್ತು ರೇಡಿಯೇಟರ್ ಪೈಪು

ಹೋದ ವರ್ಷ ಕಾರ್ತೀಕ ಮಾಸದ ಮಾತು. ನನ್ನ ಹಳೆಯ ಕಾರಿಗೆ ಕೆಮ್ಮು, ಜ್ವರ ಎರಡೂ ಒಟ್ಟಿಗೆ ಬಂದವು. ಚಿಕ್ಕಬಳ್ಳಾಪುರದ ನಮ್ಮ ಮನೆಯ ಹತ್ತಿರವೇ ಗ್ಯಾರೇಜು ಇಟ್ಟಿರುವ ಮುನಿರಾಜುವಿಗೆ ಒಪ್ಪಿಸಿದೆ. ನಾಡಿ ಹಿಡಿದ ಪಂಡಿತನಂತೆ ಕಣ್ಣು ಮುಚ್ಚಿ ಎಂಜಿನ್ ಸದ್ದು ಕೇಳಿದ ಅವನು, "ರೇಡಿಯೇಟರ್ ಪೈಪು ಹೋಗಿದೆ ಸಾರ್, ಹೊಸದು ಹಾಕಣ" ಎಂದ.

ಮುನಿರಾಜುವಿನಲ್ಲಿ ಒಂದು ಪದ್ಧತಿ. ರಿಪೇರಿಯಾದ ಗಾಡಿ ಪೂಜೆಯಾಗದೆ ಗ್ಯಾರೇಜಿನಿಂದ ಹೊರಗೆ ಕಾಲಿಡುವಂತಿಲ್ಲ. ನನ್ನ ಕಾರಿಗೂ ಅರಿಶಿನ ಕುಂಕುಮ ಇಟ್ಟ, ಊದುಬತ್ತಿ ಬೆಳಗಿದ, ಕಾಯಿ ಒಡೆದ. ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿದ ದಾರವನ್ನು ಹಲ್ಲು ಕಚ್ಚಿ ಎಳೆದು ಬಂಪರಿಗೆ ಕಟ್ಟಿದ. "ರಾಹುಕಾಲ ಬರ್ತಾ ಇದೆ, ಬೇಗ ಹೊರಡಿ ಸಾರ್" ಎಂದು ಅವಸರಪಡಿಸಿದ. ಪಟ್ಟದ ಆನೆಗೂ ಇಷ್ಟು ಮರ್ಯಾದೆ ನಡೆದಿರಲಾರದು ಎಂದುಕೊಳ್ಳುತ್ತ ಕಾರನ್ನು ತಂದು ಮನೆ ಮುಂದೆ ನಿಲ್ಲಿಸಿದೆ.

ಅದೇ ವಾರ ಒಂದು ಮಧ್ಯಾಹ್ನ ಗೌರಿಬಿದನೂರಿನ ಆಚೆಯ ಹಳ್ಳಿಯಿಂದ ಅಕ್ಕನ ಮಗ ಶಿವು ಫೋನ್ ಮಾಡಿದ. "ಮಾವ, ಅಮ್ಮ ಹೋಗ್ಬಿಟ್ಲು" ಎಂದ. ಸ್ವಲ್ಪ ಸುಧಾರಿಸಿಕೊಂಡು, "ಹೊತ್ತು ಮುಳುಗೋದ್ರೊಳಗೆ ಮಣ್ಣು ಮಾಡ್ಬೇಕಂತೆ. ಸೀರೆ ತಗೊಂಡು ಬಂದ್ಬಿಡಿ" ಎಂದ.

ನಮ್ಮಲ್ಲಿ ಮುತ್ತೈದೆ ತೀರಿಕೊಂಡರೆ ತವರಿನ ಸೀರೆ ಹೊದಿಸಿ ಕಳಿಸಬೇಕು. ಅಕ್ಕನಿಗೆ ತವರು ಅಂತ ಉಳಿದಿದ್ದವನು ನಾನೊಬ್ಬನೇ. ಶಿಡ್ಲಘಟ್ಟದ ಮನೆಯಲ್ಲಿ ಅಪ್ಪ ರೇಷ್ಮೆ ನೂಲು ತೆಗೆಯುವ ಚರಕ ಇಟ್ಟಿದ್ದರು. ಮದುವೆಯಾಗುವ ತನಕ ಅಕ್ಕ ಬಿಸಿನೀರಿನಲ್ಲಿ ಕೈಯಾಡಿಸಿ ಗೂಡಿನಿಂದ ಎಳೆ ತೆಗೆದವಳು. ಅವಳ ಬೆರಳ ತುದಿಗಳು ಕೊನೆಯವರೆಗೂ ಬಿಳಿಚಿಕೊಂಡೇ ಇದ್ದವು.

"ಲೋ, ನಾನು ಸತ್ತಾಗ ಪಾಲಿಸ್ಟರ್ ಗೀಲಿಸ್ಟರ್ ತಂದೀಯ. ರೇಷ್ಮೆದೇ ತರ್ಬೇಕು. ಇಲ್ಲಾಂದ್ರೆ ಎದ್ದು ಕೂತ್ಕೊಂಡ್ಬಿಡ್ತೀನಿ" ಎನ್ನುತ್ತಿದ್ದಳು.

"ಹಂಗಾದ್ರೆ ಪಾಲಿಸ್ಟರೇ ತರ್ತೀನಿ ಬಿಡಕ್ಕ" ಎನ್ನುತ್ತಿದ್ದೆ ನಾನು.

ನಾನೂ ಹೆಂಡತಿ ಸರೋಜಳೂ ಅಂಗಡಿಗೆ ಹೋಗಿ ಗಿಣಿಹಸಿರು ಬಣ್ಣದ ರೇಷ್ಮೆ ಸೀರೆ ಆರಿಸಿದೆವು. "ಏನ್ ಸಾರ್, ಮನೇಲಿ ಶುಭಕಾರ್ಯನಾ?" ಎಂದರು ಅಂಗಡಿಯವರು. "ಅಕ್ಕನಿಗೆ" ಎಂದಷ್ಟೇ ಹೇಳಿ ಹೊರಟೆ.

ಮಂಚೇನಹಳ್ಳಿ ಇನ್ನೂ ಮುಂದಿದೆ ಎನ್ನುವಾಗ ಬಾನೆಟ್ಟಿನಿಂದ ಹಬೆ ಎದ್ದಿತು. ಕಾರು ಒಮ್ಮೆ ನಡುಗಿ ನಿಂತೇ ಹೋಯಿತು. ತೆಗೆದು ನೋಡಿದರೆ ಹೊಸ ಪೈಪು ಕಳಚಿ ಜೋತಾಡುತ್ತಿದೆ. ನೀರೆಲ್ಲ ರಸ್ತೆಯ ಪಾಲಾಗಿದೆ. ಮುನಿರಾಜುವಿಗೆ ಫೋನ್ ಮಾಡಿದೆ.

"ಅಲ್ಲೇ ಇರಿ ಸಾರ್, ಏನೂ ಮುಟ್ಬೇಡಿ, ಹೊರಟೆ" ಎಂದ.

ಬಹಳ ಹೊತ್ತಾಯಿತು. ಮತ್ತೆ ಮಾಡಿದರೆ, "ಊರು ದಾಟಿದೆ ಸಾರ್" ಎಂದ. ಒಂದು ಬಸ್ಸು ಬಾಗಿಲ ತನಕ ಜನ ತುಂಬಿಕೊಂಡು ನಿಲ್ಲಿಸದೆ ಹೋಯಿತು. ಶಿವು ಎರಡು ಸಲ "ಎಲ್ಲಿದೀರ ಮಾವ?" ಎಂದು ಕೇಳಿದ. ಮುನಿರಾಜುವಿಗೆ ಇನ್ನೊಮ್ಮೆ ಮಾಡಿದೆ. "ದಾರೀಲೇ ಇದೀನಿ" ಎಂದ. ಅವನ ಮಾತಿನ ಹಿಂದೆ ತೆಂಗಿನಕಾಯಿ ಒಡೆದ ಸದ್ದು ಸ್ಪಷ್ಟವಾಗಿ ಕೇಳಿಸಿತು.

ಸರೋಜ ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಬ್ಯಾಗಿಗೆ ಹಾಕಿದಳು. ಟೊಮೆಟೊ ಹೊತ್ತ ಟೆಂಪೋ ಒಂದಕ್ಕೆ ತಾನೇ ಅಡ್ಡ ನಿಂತಳು. ಡ್ರೈವರ್ ಸಂಗತಿ ಕೇಳಿದವನೇ "ಎಕ್ಕಂಡಿ ಸಾಮಿ" ಎಂದು ತೆಲುಗಿನಲ್ಲಿ ಹೇಳಿ ಹತ್ತಿಸಿಕೊಂಡ. ದಾರಿಯುದ್ದಕ್ಕೂ ಅವಳು ಸೀರೆಗೆ ಕಲೆಯಾಗದಂತೆ ಸೆರಗಿನೊಳಗೆ ಅವುಚಿಕೊಂಡಿದ್ದಳು.

ನಾವು ಹೋದಾಗ ಜನ ಮಣ್ಣು ಮಾಡಿ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದರು. ಅಕ್ಕನನ್ನು ಮಲಗಿಸಿದ್ದ ಜಾಗದಲ್ಲಿ ದೀಪ ಇಟ್ಟಿದ್ದರು. ಭಾವ ನನ್ನ ಕೈ ಹಿಡಿದುಕೊಂಡರು.

"ತುಂಬಾ ಹೊತ್ತು ನೋಡಿದ್ವಿ ಕಣಪ್ಪ. ದೊಡ್ಡೋರೆಲ್ಲ ಕತ್ಲಾಗುತ್ತೆ ಅಂದ್ರು. ಮನೇಲಿದ್ದ ಸೀರೆನೇ ಹೊದಿಸಿದ್ವಿ."

ಯಾವ ಸೀರೆ ಎಂದು ಕೇಳಬಾರದಿತ್ತು. ಕೇಳಿದೆ.

"ನೀಲಿದು. ಪಾಲಿಸ್ಟರ್ದು" ಎಂದರು ಭಾವ.

ಅಕ್ಕ ಎದ್ದು ಕೂರಲಿಲ್ಲ. ಅವಳ ಮುಖವನ್ನೂ ನಾನು ನೋಡಲಿಲ್ಲ.

ಮಾರನೆಯ ದಿನ ಶಿವು ಬೈಕಿನಲ್ಲಿ ನನ್ನನ್ನು ಕಾರಿನ ಹತ್ತಿರ ಬಿಟ್ಟ. ಮುನಿರಾಜು ಬಂದಿದ್ದ. ಪೈಪಿನ ಕ್ಲಿಪ್ಪನ್ನು ಬೆರಳಲ್ಲಿ ತಿರುಗಿಸಿ ನೋಡಿ, "ಇದನ್ನ ಕೈಯಲ್ಲೇ ತಿರುಗ್ಸಿಟ್ಟಿದ್ದೆ ಸಾರ್. ಸ್ಪ್ಯಾನರ್ ಹಾಕಣ ಅನ್ನೋಷ್ಟರಲ್ಲಿ ರಾಹುಕಾಲ ಬಂದ್ಬಿಡ್ತಲ್ಲ, ಪೂಜೆ ಮುಗ್ಸಿ ಕಳಿಸ್ಬಿಟ್ಟೆ" ಎಂದ. ಬಂಪರಿನಲ್ಲಿ ನಿಂಬೆಹಣ್ಣು ಒಂದಿಷ್ಟೂ ಅಲುಗದೆ ಕೂತಿತ್ತು.

ರಾತ್ರಿಯೆಲ್ಲ ಅವನಿಗಾಗಿ ನಾನು ಸಿದ್ಧಪಡಿಸಿಕೊಂಡಿದ್ದ ಭಾಷಣ ದೊಡ್ಡದಿತ್ತು. ಬಾಯಿಗೆ ಬಂದದ್ದು ಒಂದೇ ಮಾತು. "ನಮ್ಮಕ್ಕನ ಮಣ್ಣಿಗೆ ಹೊರಟಿದ್ದೆ ಮುನಿರಾಜು."

ಅವನ ಕೈ ನಿಂತಿತು. "ಹಂಗಂತ ಹೇಳಿದ್ರೆ ನಿಜವಾಗ್ಲೂ ಬರ್ತಿದ್ನಲ್ಲ ಸಾರ್" ಎಂದ. ಆ "ನಿಜವಾಗ್ಲೂ" ನನಗೆ ಇವತ್ತಿಗೂ ಅರಗಿಲ್ಲ.

ತವರಿನ ಸೀರೆ ವಾಪಸು ಹೋಗಬಾರದಂತೆ. ಹಾಲು ತುಪ್ಪದ ದಿನ ಅದನ್ನು ಅಕ್ಕನನ್ನು ಹೂತ ಮಣ್ಣಿನ ಮೇಲೆ ಹೊದಿಸಿದೆ. ಗಾಳಿಗೆ ಎದ್ದೇಳುತ್ತಿತ್ತು. ನಾಲ್ಕು ಮೂಲೆಗೂ ಕಲ್ಲು ಹೇರಿದೆ. ಹೊರಟವನು ತಿರುಗಿ ಬಂದು ಒಂದೊಂದೇ ಕಲ್ಲನ್ನು ಅಲುಗಿಸಿ ನೋಡಿದೆ. "ಗಟ್ಟಿಯಾಗಿದೆ ಬನ್ನಿ ಮಾವ" ಎಂದು ಶಿವು ಕರೆದ. ಆದರೂ ಇನ್ನೊಂದು ಸಲ ನೋಡಿದೆ.