ಉಲ್ಟಾ ಕೂರಿಸಿದ ಗೇರ್

ಗಣಪಣ್ಣ, ಆ ದಿನ ಗೇರ್ ಉಲ್ಟಾನೇ ಇತ್ತು. ಉಲ್ಟಾ ಕೂರಿಸಿದವನು ನಾನು. ಮರುದಿನ ಬೆಳಿಗ್ಗೆ ಅದನ್ನು ಸರಿಮಾಡಿಟ್ಟು, ಊರೆದುರು ನಿನ್ನನ್ನು ತಲೆಕೆಟ್ಟವನನ್ನಾಗಿ ಮಾಡಿದವನೂ ನಾನೇ.

ಹೋದ ಭಾನುವಾರ ಬೆಳಂಬಾರದ ನಿನ್ನ ಜಗಲಿಯಲ್ಲಿ ಕೂತು ಇಷ್ಟನ್ನು ಹೇಳಿದೆ. ಉಳಿದದ್ದನ್ನು ಹೇಳದೆ ಎದ್ದು ಬಂದೆ — ಅದಕ್ಕೆ ಬರೆಯುತ್ತಿದ್ದೇನೆ.

ನೀನು ಟ್ರಾಲರಿನ ತಾಂಡೇಲ, ಮೂವತ್ತು ವರ್ಷ ಚುಕ್ಕಾಣಿ ಹಿಡಿದವನು. ಸೋಮು ನಿನ್ನ ಬೆನ್ನಿಗೆ ಬಿದ್ದ ತಮ್ಮ. ನಾನು ಬೈತಖೋಲ ಬಂದರಿನ ಇಂಜಿನ್ ಮೆಕ್ಯಾನಿಕ್. ಹಳೆಯ ಗೇರ್‌ಬಾಕ್ಸ್ ಒಡೆದಾಗ ಬೇರೆ ದೋಣಿಯದೊಂದು ತಂದು ಕೂರಿಸಿದೆ. ಹಿಡಿಕೆ ಮುಂದೆ ತಳ್ಳಿದರೆ ದೋಣಿ ಹಿಂದೆ ಬರುತ್ತಿತ್ತು, ಹಿಂದೆ ಎಳೆದರೆ ಮುಂದೆ. ಸರಿಮಾಡಲು ಎರಡು ದಿನ ಬೇಕು ಎಂದೆ. ಮೀನು ಬೀಳುವ ಕಾಲ, ಮಾಲಕರು ಒಪ್ಪಲಿಲ್ಲ. ಹಿಡಿಕೆಯ ಪಕ್ಕ ಸೀಮೆಸುಣ್ಣದಲ್ಲಿ ಬಾಣ ಬರೆದು, ನೆನಪಿಟ್ಟುಕೋ ಎಂದು ನಿನಗೆ ಹೇಳಿ ಕೈತೊಳೆದುಕೊಂಡೆ.

"ತಲೆಗೆ ನೆನಪಿರ್ತದೆ ತಮಾ," ಅಂದಿದ್ದೆ ನೀನು. "ಗಡಿಬಿಡಿ ಆದ್ರೆ ಕೈಗೆ ಯಾರು ಹೇಳ್ತ್ರು?"

ಸೋಮು ನಕ್ಕ. "ಅಣ್ಣಾ, ಇನ್ ಕಾರವಾರಕ್ಕೆ ಹೋಗೂದಾದ್ರೆ ಗೋಕರ್ಣದ ಬದಿಗೆ ಮೋರೆ ಮಾಡ್ಕಂಡು ಕೂತ್ಕ." ನಾನೂ ನಕ್ಕೆ. ಆ ನಗು — ಬೇಡ.

ಎಂಟು ದಿನ ನೀನು ತಪ್ಪಲಿಲ್ಲ. ಬಾಣ ಉಪ್ಪುನೀರಿಗೆ ಮೊದಲ ದಿನವೇ ಅಳಿಸಿತ್ತು. ಒಂಬತ್ತನೆಯ ದಿನ, ದೋಣಿಗಳು ನಿಲ್ಲುವ ಧಕ್ಕೆಗೆ ದೋಣಿ ತರುವಾಗ ಸೋಮು ದೋಣಿಯ ಮೂತಿಯಲ್ಲಿ ಬಗ್ಗಿ, ಗೋಡೆಗೆ ಉಜ್ಜದಂತೆ ಟಯರು ಇಳಿಬಿಡುತ್ತಿದ್ದ. ಪಕ್ಕದ ದೋಣಿ ಅಡ್ಡ ಬಂತು. ನೀನು ದೋಣಿ ತಡೆಯಲು ಹಿಡಿಕೆಯನ್ನು ಹಿಂದಕ್ಕೆಳೆದೆ — ಮೂವತ್ತು ವರ್ಷ ಎಳೆದ ಹಾಗೇ. ದೋಣಿ ಮುಂದೆ ನುಗ್ಗಿತು. ಕಾಂಕ್ರೀಟು ಗೋಡೆಗೂ ಮೂತಿಗೂ ನಡುವೆ ಸೋಮು...

ಮರುದಿನ ಪೊಲೀಸರು ಬರುವ ಮೊದಲು ದೋಣಿಗೆ ಇಳಿದೆ. ಎರಡು ದಿನ ಬೇಕು ಎಂದಿದ್ದ ಕೆಲಸ ಒಂದು ತಾಸಿಗೆ ಮುಗಿಯಿತು. ಒಂದೇ ತಾಸು, ಗಣಪಣ್ಣ.

ಎಲ್ಲರೂ ನೋಡಿದರು, ಗೇರ್ ಸರಿಯಿತ್ತು. ಬಲೆಯ ರಾಶಿಯ ಮೇಲೆ ಕೂತಿದ್ದ ನೀನು ನನ್ನನ್ನೇ ಕೇಳಿದೆ: "ತಮಾ, ಗೇರ್ ಉಲ್ಟಾ ಇತ್ತಲಾ?"

"ಇಲ್ಲ ಗಣಪಣ್ಣ. ಮೊದ್ಲಿಂದ್ಲೂ ಸರೀನೇ ಇತ್ತು."

ನೀನು ನಿನ್ನ ಅಂಗೈ ನೋಡಿಕೊಂಡೆ. ಮತ್ತೆಂದೂ ಚುಕ್ಕಾಣಿ ಮುಟ್ಟಲಿಲ್ಲ. ನಿಜ ಗೊತ್ತಿದ್ದ ಮಾಲಕರೂ ಕೇಸಿಗೆ ಹೆದರಿ ನನ್ನ ಮಾತಿಗೇ ಸೇರಿದರು. ಊರವರು ಕುಡಿದಿದ್ದ ಎಂದರು, ಮರುಳು ಎಂದರು. ಸೋಮುವಿನ ಹೆಂಡತಿ ಪಾರ್ವತಿ ಮಂಜಗುಣಿಯ ತವರಿಗೆ ಹೋದವಳು ನಿನ್ನ ಹೊಸಿಲು ತುಳಿಯಲಿಲ್ಲ. ಅಂಕೋಲೆ ಪೇಟೆಯಲ್ಲಿ ನೀನು ಎದುರಾದರೆ ಮೀನಿನ ಬುಟ್ಟಿ ಎತ್ತಿಕೊಂಡು ಬೇರೆ ಕಡೆ ಕೂರುತ್ತಿದ್ದಳು. ನಾನು ಅವಳ ಹತ್ತಿರವೇ ಮೀನು ಕೊಳ್ಳುತ್ತಿದ್ದೆ. ಹನ್ನೊಂದು ವರ್ಷ. ಹೇಳಬಹುದಿತ್ತು — ಒಂದಲ್ಲ ಒಂದು ದಿನ...

ಎರಡು ತಿಂಗಳ ಹಿಂದೆ ಅವಳು ತೀರಿಕೊಂಡಳು.

ಈಗ ನಾನು ಯಾವ ದೋಣಿಗೂ ಉಲ್ಟಾ ಹಿಡಿಕೆ ಕೂರಿಸುವುದಿಲ್ಲ. ಗಾಬರಿಯಲ್ಲಿ ಕೈ ಹಳೆಯ ದಾರಿಯನ್ನೇ ಹಿಡಿಯುತ್ತದೆ. ಯಂತ್ರವೇ ಕೈಗೆ ಹೊಂದಬೇಕು. ಇದನ್ನು ನೀನು ಅಂದೇ ಹೇಳಿದ್ದೆ.

ಭಾನುವಾರ ನೀನು ಬೈಯಲಿಲ್ಲ. ಬಲೆಯ ಸೂಜಿ ಕೆಳಗಿಟ್ಟು ಕೇಳಿದೆ: "ಪಾರ್ವತಿಗೆ ಹೇಳಿದ್ಯಾ?"

ಇಲ್ಲ ಎಂದೆ. ಬೈತಖೋಲದಲ್ಲಿ ಎಲ್ಲರೆದುರು ಹೇಳುತ್ತೇನೆ ಎಂದೆ.

"ಕೇಳ್ಬೇಕಾದವ್ಳು ಹೋದ್ಳಲಾ, ತಮಾ."

ನಾಳೆ ಮೀನಿನ ಹರಾಜಿಗೆ ಮೊದಲು ಧಕ್ಕೆಯ ಮೇಲೆ ನಿಂತು ಹೇಳುತ್ತೇನೆ. ಮಂಜಗುಣಿಯ ಪಾರ್ವತಿಯ ಮನೆಗೂ ಹೋಗಿದ್ದೆ, ಗಣಪಣ್ಣ. ಬಾಗಿಲಿಗೆ ಬೀಗ ಬಿದ್ದಿದೆ.